ಎಡತೋಳಿನ ಸುತ್ತೋಲೆ

ಸುತ್ತೋಲೆ ಎಂಟು ಪುಟವಿತ್ತು. ಡಾಕ್ಟರು ಎಂಟನ್ನೂ ಓದಿದರು. ಮೈನುದ್ದೀನನ ಕಿವಿಯಲ್ಲಿ ನಿಂತದ್ದು ಒಂದೇ ವಾಕ್ಯ: ಸಿಡುಬು ತಡೆಯಲು ದೇವಿ ಹಾಕುವುದು ಇನ್ನು ಮುಂದೆ ಎಡತೋಳಿನ ಮೇಲ್ಭಾಗಕ್ಕೆ, ಮುಂಗೈಗೆ ಹಾಕಿದ್ದನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ.

“ಸಾಹೇಬ್ರ, ಇದನ್ನ ಬರದವ್ರು ನಮ್ಮ ಕೊಂಕಲ್ಲಿನ ಹೆಂಗಸರ ಕುಬಸಾ ನೋಡಿಲ್ರಿ,” ಅಂದ.

“ಕುಬಸದ ತೋಳು ಸ್ವಲ್ಪ ಮೇಲಕ್ಕೆ ಸರಿಸಿದರಾಯಿತಪ್ಪ,” ಅಂದರು ಡಾಕ್ಟರು. ಮೈಸೂರು ಸೀಮೆಯಿಂದ ಬಂದು ಅವರಿಗೆ ಎರಡು ತಿಂಗಳೂ ತುಂಬಿರಲಿಲ್ಲ.

“ಮೊಣಕೈ ತನಕ ಬಿಗದು ಹೊಲದಿರತಾರ್ರಿ. ಒಳಗ ಗಾಳಿ ಹೋಗಂಗಿಲ್ಲ, ನನ್ನ ಸೂಜಿ ಎಲ್ಲಿಂದ ಹೋಗಬೇಕ್ರಿ?”

ಹೈದರಾಬಾದಿನ ಸರ್ಕಾರದಲ್ಲಿ ಇಪ್ಪತ್ತು ವರ್ಷ ಅವನು ಮುಂಗೈಗೇ ದೇವಿ ಹಾಕಿದವನು. ಕುಬಸದ ತೋಳು ಮುಗಿದಲ್ಲಿ ಅವನ ಕೆಲಸ ಶುರು. ಈಗ 1957ರ ಫೆಬ್ರವರಿ. ದವಾಖಾನೆ ಬೆಂಗಳೂರಿನ ಕೈಗೆ ಬಂದು ನಾಲ್ಕನೇ ತಿಂಗಳು. ವಾದ ಹೂಡಲು ಹೊತ್ತಿರಲಿಲ್ಲ. ಸೈದಾಪುರದ ಕಡೆ ಒಂದೇ ಮನೆಯಲ್ಲಿ ಮೂವರಿಗೆ ಮೈಲಿ ಬೇನೆ ಎಂಬ ಸಿಡುಬು ಎದ್ದಿತ್ತು. ಕೊಂಕಲ್ಲಿನ ಹೆಂಗಸರು ದಿನಾ ಅತ್ತಲೇ ಜೋಳದ ಕೊಯ್ಲಿಗೆ ಹೋಗಿಬರುತ್ತಿದ್ದರು.

ಮರುದಿನ ಕೊಂಕಲ್ಲಿನ ಚಾವಡಿಯ ಮುಂದೆ ಗಂಡಸರದು, ಮಕ್ಕಳದು ಬೇಗ ಮುಗಿಯಿತು. ಹೆಂಗಸರ ಸಾಲಿನ ಮೊದಲಿಗೆ ನಿಂತವಳು ಮಲಕಮ್ಮ. ಕೊಯ್ಲಿಗೆ ಆಳು ಕೂಡಿಸುವವಳು ಆಕೆಯೇ. ಆಕೆ ಮುಂದಾದರೆ ಊರೆಲ್ಲ ಹಿಂದೆ. ಮೈನುದ್ದೀನ ಅವಳ ತೋಳಿನ ಅಂಚು ಹಿಡಿದು ಮೇಲಕ್ಕೆ ಸರಿಸಲು ನೋಡಿದ. ಅದು ಎಳ್ಳಷ್ಟೂ ಕದಲಲಿಲ್ಲ.

“ಇಪ್ಪತ್ತು ವರ್ಷ ಮುಂಗೈ ಹಿಡದಿ, ನಾವೇನರ ಅಂದೀವೇನೋ ಮೈನೂ? ಸರ್ಕಾರ ಬದಲಾತು ಅಂತ ಮ್ಯಾಲಮ್ಯಾಲ ಏರಾಕತ್ತೀಯೇನು?”

ಸಾಲು ನಕ್ಕಿತು. ಡಾಕ್ಟರ ಮುಖ ಕೆಂಪಾಯಿತು. “ಅದು ನಿಯಮ ತಾಯಿ,” ಅಂದರು.

“ನಿಯಮಾ ಬರದಾಂವಗ ಹೇಣ್ತಿ ಇಲ್ಲೇನ್ರಿ? ಆಕಿ ಕುಬಸಾ ತೊಡಂಗಿಲ್ಲೇನು?”

ನಗುತ್ತಲೇ ಸಾಲು ಚದುರಿತು.

ಮೈನುದ್ದೀನ ಮನೆಗೆ ಹೋಗಿ ಹೆಂಡತಿ ಮದೀನಾಬೀಯನ್ನು ಕರೆತಂದ. ಊರಿನ ಅರ್ಧ ಕುಬಸಗಳು ಆಕೆಯ ಹೊಲಿಗೆ. ಎಲ್ಲಿ ಬಿಚ್ಚಿದರೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಕಂಬಳಿಯ ಮರೆ ಕಟ್ಟಿಸಿ, ಬ್ಲೇಡಿನಿಂದ ಎಡಹೆಗಲ ಕೆಳಗಿನ ಹೊಲಿಗೆಯನ್ನು ಅಳೆದು ನಾಲ್ಕೇ ಬೆರಳು ಬಿಚ್ಚಿದಳು. ಸೂಜಿ ಅಷ್ಟರಲ್ಲೇ ಹೋಗಿಬಂತು. ಮೊದಲನೆಯವಳು ಅಲ್ಲೇ ಹೊಲಿದುಕೊಡು ಎಂದು ಕೇಳಿದಳು.

“ದೇವಿ ಹತ್ತೇತೋ ಇಲ್ಲೋ ಅಂತ ಎಂಟನೇ ದಿನ ಸಾಹೇಬ್ರು ಗುಳ್ಳಿ ನೋಡಾಕ ಬರತಾರಂತ,” ಅಂದಳು ಮದೀನಾಬೀ. “ಅಲ್ಲೀ ತನಕ ಹಿಂಗ ಇರಲಿ. ಎರಡ ಸರ್ತಿ ಬಿಚ್ಚಿ ಎರಡ ಸರ್ತಿ ಹೊಲಿಯಾಕ ನಾ ಏನು ಸರ್ಕಾರದಾಕಿಯೇನು?”

ಸುದ್ದಿ ಹರಡಿ ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ಬಂದರು. ಸಂಜೆಗೆ ಅರವತ್ತೊಂದು ಆಯಿತು. ಮಲಕಮ್ಮನೂ ಅವಳ ಕೊಯ್ಲಿನ ಗುಂಪೂ ಅಷ್ಟರಲ್ಲಿ ಹಿಂದಿನ ಓಣಿಯಿಂದ ಹೊಲ ಸೇರಿದ್ದರು. ಅವರು ಸೂಜಿಗೆ ಹೆದರಿದವರಲ್ಲ. ದಂಟು ಹಿಡಿಯುವ ಕೈ ಎಡಗೈ. ತೋಳು ಬಾತರೆ ಮೂರು ದಿನದ ಕೂಲಿ ಹೋಯಿತು.

ಆಮೇಲಿನ ದಿನಗಳಲ್ಲಿ ಊರ ತಳವಾರ ದಾರಿಗಡ್ಡ ನಿಂತು, ತೋಳಿನ ಹೊಲಿಗೆ ಗಟ್ಟಿಯಿದ್ದವರನ್ನೆಲ್ಲ ದವಾಖಾನೆಗೆ ನಡೆ ಎಂದು ಕಾಡಿದ. ಬಿಚ್ಚಿದವರನ್ನು ಸುಮ್ಮನೆ ಬಿಟ್ಟ. ಇದನ್ನು ಮೊದಲು ಗಮನಿಸಿದವಳು ಮಲಕಮ್ಮ.

ಎಂಟನೇ ದಿನ ಮುಂಜಾನೆ ಡಾಕ್ಟರು ಓಣಿಯ ಬಾಯಲ್ಲಿ ನಿಂತು ಎಣಿಸಿದರು. ಹೊಲಕ್ಕೆ ಹೊರಟ ಹೆಂಗಸರ ಎಡತೋಳುಗಳೆಲ್ಲ ಬಾಯಿ ತೆರೆದಿದ್ದವು.

“ನೂರಾ ನಾಲ್ಕು. ನೋಡಿದೆಯಾ ಮೈನುದ್ದೀನ್? ಒಂದೂ ಬಿಟ್ಟಿಲ್ಲ.”

“ನಾವು ಹಾಕಿದ್ದು ಅರವತ್ತೊಂದ್ರಿ ಸಾಹೇಬ್ರ.”

ಡಾಕ್ಟರು ಮತ್ತೊಮ್ಮೆ ಎಣಿಸಿದರು. “ಉಳಿದ ನಲವತ್ಮೂರು?”

“ಅವು ಸ್ವಂತ ಕೈಕೆಲಸ್ರಿ.”

ಮಲಕಮ್ಮ ಕುಡಗೋಲು ಹಿಡಿದು ಬರುತ್ತಿದ್ದಳು. “ನಂದು ಆಗೇತಿ, ದಾರಿ ಬಿಡ್ರಿ,” ಅಂದಳು.

“ಭೇಷಾತು ಯಕ್ಕಾ. ಗುಳ್ಳಿ ತೋರಸು,” ಅಂದ ಮೈನುದ್ದೀನ.

“ಒಣಗಿ ಬಿದ್ದೈತಿ.”

“ಎಂಟ ದಿನದಾಗ?”

“ನನ್ನ ಮೈ ಜಡ್ಡು ಹಿಡಿಯಂಗಿಲ್ಲೋ. ಭಾಳ ಗಟ್ಟಿ ಐತಿ.”

ಗುಳ್ಳೆ ಏಳದವರಿಗೆ ಅಂದೇ ಮತ್ತೆ ಹಾಕಬೇಕೆಂದೂ ಸುತ್ತೋಲೆಯಲ್ಲಿತ್ತು. ಅದಕ್ಕೆಂದೇ ಮೈನುದ್ದೀನ ಒದ್ದೆ ಉಸುಕಿನ ಕುಡಿಕೆಯಲ್ಲಿ ಲಸಿಕೆಯ ನಳಿಗೆಗಳನ್ನು ತಂದಿದ್ದ. ಒಂದನ್ನು ಹೊರಗೆ ತೆಗೆದು, ಸೂಜಿಯನ್ನು ದೀಪದ ಉರಿಗೆ ಹಿಡಿದ. ಕಂಬಳಿಯ ಮರೆ ಕಟ್ಟುತ್ತಿದ್ದ ಮದೀನಾಬೀ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟಳು.

“ಇವತ್ತ ನನಗ ಕೆಲಸಾನ ಇಲ್ಲ ನೋಡ್ರಿ,” ಅಂದಳು.

ಮಲಕಮ್ಮ ಕುಡಗೋಲನ್ನು ಕೆಳಗಿಟ್ಟು, ಬಲಗೈಯಿಂದ ಎಡತೋಳಿನ ಸೀಳನ್ನು ಒತ್ತಿ ಮುಚ್ಚಿಕೊಳ್ಳಲು ನೋಡಿದಳು. ಮುಚ್ಚಲಿಲ್ಲ. ತಳವಾರನ ಕಣ್ಣಿಗೆ ದೂರದಿಂದಲೇ ಬೀಳಲೆಂದು ಅವಳು ಗೇಣುದ್ದ ಬಿಚ್ಚಿಕೊಂಡಿದ್ದಳು.