ಮೆಲ್ಲಗೆ ಕಣ್ರೀ

ಪಕ್ಕದ ಸೀಟಿನವರ ಪರಿಚಿತ ದನಿ ಎಚ್ಚರಿಸಿದರೆ ಮಾತ್ರ ಕಾರುಗಳ ಬ್ರೇಕ್ ದೀಪ ಹತ್ತುವ ಕಾಲ. ಪಾಂಡುರಂಗಯ್ಯನವರ ಹೆಂಡತಿ ಕುಮುದಾ ತೀರಿಕೊಂಡು ಮೂರು ತಿಂಗಳಾಗಿತ್ತು. ಇವತ್ತು ಹದಿನೈದು ವರ್ಷದ ಕಾರಿಗೆ ಮೊದಲ ತಪಾಸಣೆ; ಫೇಲಾದರೆ ಅವಳು ಕೂರುತ್ತಿದ್ದ ಕಾರು ಗುಜರಿಗೆ. ನೆಂಟರ ಮದುವೆಗಳಲ್ಲಿ ಅವಳ ದನಿ ಅಣಕಿಸಿಯೇ ಹೆಸರಾಗಿದ್ದ ಅವರು ದನಿ ಸಣ್ಣಗೆ ಮಾಡಿ, "ಮೆಲ್ಲಗೆ ಕಣ್ರೀ, ಹಂಪ್ಸ್ ಇದೆ" ಎಂದು ಬ್ರೇಕ್ ಒತ್ತಿದರು.

ದೀಪ ಹತ್ತಲಿಲ್ಲ.

"ದನಿ ಅಮ್ಮಾವ್ರದ್ದೇ ಅಂತ ಗಾಡಿ ಒಪ್ಕೊಳ್ತಿದೆ ಸರ್," ಎಂದ ಕಾರಿನ ಹಿಂದೆ ನಿಂತು ನೋಡುತ್ತಿದ್ದ ಇನ್‌ಸ್ಪೆಕ್ಟರ್. "ಆದ್ರೆ ಆ ಮಾತಿಗೆ ನೀವು ಒಂದು ದಿನಾನೂ ಬ್ರೇಕ್ ಒತ್ತಿಲ್ಲ. ದೀಪ ಕಲಿಯೋದಾದ್ರೂ ಹೇಗೆ? ಒಂದು ವಾರ ಟೈಮ್ ಕೊಡ್ತೀನಿ, ಕಲಿಸ್ಕೊಂಡು ಬನ್ನಿ."

ಮನೆಯವರೆಗೂ ಪ್ರತಿ ಹಂಪ್ಸಿನಲ್ಲಿ ಅವಳ ದನಿಯಲ್ಲಿ ತಾವೇ ಹೇಳಿ, "ಆಯ್ತು ಕಣೇ" ಎಂದು ತಾವೇ ಬ್ರೇಕ್ ಒತ್ತಿದರು. ದೀಪ ಹತ್ತಿತೋ ಇಲ್ಲವೋ, ಇಳಿದು ಹಿಂದೆ ನಿಂತು ನೋಡಿ ಹೇಳಲು ಯಾರೂ ಇರಲಿಲ್ಲ.