ಎರಡು ಹಲ್ಲು

ಎರಡು ಹಲ್ಲು ಸಡಿಲಿಸಿದರೆ ಸಾಕಿತ್ತು. ಮೂರಾದರೆ ಗಾಡಿ ಈ ಪೆಟ್ರೋಲ್ ಬಂಕಿನಲ್ಲೇ ಉರುಳುತ್ತದೆ, ಒಂದಾದರೆ ಉರುಳುವುದೇ ಇಲ್ಲ. ಕುಳ್ಳಗಿದ್ದುದಕ್ಕೆ ಎಲ್ಲರೂ ಗಿಡ್ಡ ಎಂದೇ ಕರೆಯುತ್ತಿದ್ದ ಅವನು ಟ್ರೇಲರಿನ ಪಕ್ಕ ಬಗ್ಗಿ, ಕೆಂಪು ಮೋಟರ್‌ಸೈಕಲ್ಲನ್ನು ಬಿಗಿದಿದ್ದ ಬೆಲ್ಟಿನ ಹಲ್ಲುಚಕ್ರದ ಹಿಡಿ ಎತ್ತಿದ. ಕಟ್, ಕಟ್. ಹಿಡಿಯನ್ನು ಮೊದಲಿದ್ದಂತೆಯೇ ಮಡಚಿಟ್ಟ. ಹಲ್ಲಿನ ಡಾಕ್ಟರ ಗಾಡಿಗೆ ಎರಡು ಹಲ್ಲು ಕಿತ್ತಂತಾಯಿತು ಎನ್ನಿಸಿ ಒಳಗೊಳಗೇ ನಗು ಬಂತು.

ಹಲ್ಲಿನ ಡಾಕ್ಟರೆಂದರೆ ಅವನ ಭಾವ, ಅಕ್ಕನ ಗಂಡ. ಆರಡಿ ಮೂರಂಗುಲದ ಆಸಾಮಿ. ಜೀಪಿನಲ್ಲಿ ಅಪ್ಪನ ಪಕ್ಕದ ಸೀಟಿನಲ್ಲಿ, ಹೊಸ ಹೆಲ್ಮೆಟ್ಟನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡಿದ್ದರು. ಹಿಂದಿನ ಸೀಟು ಗಿಡ್ಡನಿಗೆ, ಸ್ಪ್ಯಾನರುಗಳ ಡಬ್ಬ ಮತ್ತು ಎಣ್ಣೆ ಬಟ್ಟೆಗಳ ಜೊತೆ.

ಅಪ್ಪನ ಗ್ಯಾರೇಜಿನಲ್ಲಿ ಗಿಡ್ಡ ಹದಿನಾರು ವರ್ಷ ದುಡಿದಿದ್ದ. ವರ್ಷಕ್ಕೊಮ್ಮೆ ಟ್ರೇಲರಿಗೆ ಗಾಡಿ ಹೇರಿಕೊಂಡು ರೇಸ್ ಟ್ರ್ಯಾಕಿಗೆ ಹೋಗಿ, ದಿನವಿಡೀ ಮನಸಾರೆ ಓಡಿಸಿ ಬರುವುದು ಮನೆಯ ಹಬ್ಬವೇ ಆಗಿತ್ತು. ಪ್ರತಿ ಸಲವೂ ಅವನ ಪಾಲಿಗೆ ಬರುತ್ತಿದ್ದುದು ಅದೇ ಹಳೆಯ ಬೂದು ಗಾಡಿ. ಗುಜರಿಯಿಂದ ಆಯ್ದ ಭಾಗಗಳನ್ನು ಕೂಡಿಸಿ ಹೊಸ ಗಾಡಿ ಕಟ್ಟುವುದರಲ್ಲಿ ಅಪ್ಪ ಎತ್ತಿದ ಕೈ. ಆದರೆ ಕಟ್ಟಿದ್ದೆಲ್ಲ ಯಾರೋ ಗಿರಾಕಿಯ ಪಾಲಾಗುತ್ತಿತ್ತು. ಗಿಡ್ಡ ಮುಖ ಸಣ್ಣ ಮಾಡಿದಾಗೆಲ್ಲ ಅಪ್ಪನದು ಒಂದೇ ಮಾತು: “ಮುಂದಿನ ಗಾಡಿ ನಿಂದು.” ಅದನ್ನು ಕೇಳಿ ಕೇಳಿ ಅವನ ಕಿವಿ ತೂತಾಗಿತ್ತು.

ಈ ಕೆಂಪು ಗಾಡಿಯ ಕಥೆಯೇ ಬೇರೆ. ಮೂರು ತಿಂಗಳು, ಗಿಡ್ಡ ಕೆಲಸ ಮುಗಿಸಿ ಮನೆಗೆ ಹೊರಟ ಮೇಲೆಯೇ ಅದರ ಕೆಲಸ ಶುರು. ಷಟರ್ ಅರ್ಧ ಎಳೆದು, ಒಳಗೆ ಅಪ್ಪ ಮತ್ತು ಭಾವ. ಒಮ್ಮೆ ಮರೆತ ಬೀಗದ ಕೈಗೆಂದು ವಾಪಸು ಬಂದರೆ ಇಬ್ಬರೂ ಗಡಿಬಿಡಿಯಿಂದ ಗಾಡಿಯ ಮೇಲೆ ತಾಡಪಾಲು ಎಳೆದರು. ಹಲ್ಲು ಕೀಳುವವರಿಗೆ ಗ್ಯಾರೇಜಿನಲ್ಲಿ ಏನು ಕೆಲಸ? ಹೆತ್ತ ಮಗ ಹೊರಗೆ, ಅಳಿಯ ಒಳಗೆ. ಗಿಡ್ಡನಿಗೆ ಅವತ್ತು ಊಟ ಸೇರಲಿಲ್ಲ.

ಕಳೆದ ವಾರ ಅಪ್ಪ ಊದಿದ ಬೆರಳ ಗೆಣ್ಣುಗಳನ್ನು ತಿಕ್ಕಿಕೊಳ್ಳುತ್ತ, ಇದೇ ಕೊನೆಯದು, ಇನ್ನು ಗಾಡಿ ಕಟ್ಟೋದಕ್ಕೆ ಬೆರಳು ಬಗ್ಗಲ್ಲ ಎಂದಿದ್ದರು. ಅಂದರೆ ಕೊನೆಯದೂ ಕೈತಪ್ಪಿತು.

ಅಷ್ಟಾದ ಮೇಲೂ ಇವತ್ತು ಬೆಳಗ್ಗೆ ಅದೇ ರಾಗ. ಟ್ರೇಲರು ಕಿರಿದು. ಎರಡು ಗಾಡಿಗಳ ಹ್ಯಾಂಡಲ್ ಒಂದಕ್ಕೊಂದು ತಾಗದ ಹಾಗೆ ಕೆಂಪನ್ನು ಎಡಬದಿಯಲ್ಲಿ ಜೀಪಿನ ಕಡೆಗೆ ಒತ್ತರಿಸಿ, ಬೂದನ್ನು ಬಲಬದಿಯಲ್ಲಿ ಒಂದು ಮೊಳ ಹಿಂದಕ್ಕೆ ಸರಿಸಿ ನಿಲ್ಲಿಸಿದ್ದರು. ಬೆಲ್ಟು ಬಿಗಿಯುತ್ತಿದ್ದ ಅಪ್ಪ ಮಗನ ಮುಖ ನೋಡಿ, “ಯಾಕೋ ಮುಖ ಊದಿಸ್ಕೊಂಡಿದೀಯಾ? ಮುಂದಿನ ಗಾಡಿ ನಿಂದು,” ಎಂದು ನಕ್ಕರು. ಭಾವನೂ ನಕ್ಕರು. ಬೆರಳು ಬಗ್ಗದ ಮನುಷ್ಯ ಇನ್ನೂ ಮುಂದಿನ ಗಾಡಿಯ ಆಸೆ ತೋರಿಸುತ್ತಾರಲ್ಲ ಎಂದು ಗಿಡ್ಡನ ಮೈಯೆಲ್ಲ ಉರಿಯಿತು. ಮನಸ್ಸು ಕೆಟ್ಟದ್ದು ಆಗಲೇ.

ಒಬ್ಬರು ಬಿಗಿದದ್ದನ್ನು ದಾರಿಯಲ್ಲಿ ಇನ್ನೊಬ್ಬರು ನೋಡಬೇಕು. ಅದು ಗ್ಯಾರೇಜಿನ ನಿಯಮ, ಅಪ್ಪನೇ ಮಾಡಿದ್ದು. ಆದ್ದರಿಂದ ಬಂಕಿನಲ್ಲಿ ಬೆಲ್ಟು ನೋಡಲು ಇಳಿದವನು ಗಿಡ್ಡನೇ.

ಹಿಡಿ ಮಡಚಿ ಏಳುವಾಗ ಕೆಂಪು ಗಾಡಿಯ ಸೀಟು ಕಣ್ಣಿಗೆ ಬಿತ್ತು. ಸ್ಪಂಜನ್ನು ಚೆನ್ನಾಗಿ ಕೆರೆದು ತಗ್ಗಿಸಿದ್ದರು. ಇದರ ಮೇಲೆ ಕೂತರೆ ಭಾವನ ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ತಾಗಲಿ, ಕೂತರೆ ತಾನೇ.

ಅವನು ಜೀಪು ಹತ್ತಿದಾಗ ಅಪ್ಪ ಬೆಲ್ಟು ಸರಿಯಿದೆಯೇ ಎಂದು ಕೇಳಿದರು. ಸರಿಯಿದೆ ಎಂದ. “ನೀನು ನೋಡಿದ್ಮೇಲೆ ಮುಗೀತು ಬಿಡು,” ಎಂದು ಅಪ್ಪ ಗೇರು ಹಾಕಿದರು.

ಸ್ವಲ್ಪ ದೂರ ಹೋದ ಮೇಲೆ ಭಾವ ಕತ್ತು ತಿರುಗಿಸಿದರು. “ಆ ಕೆಂಪು ಗಾಡಿ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ, ಅಲ್ವೇನಯ್ಯಾ?”

ಗಿಡ್ಡ ಕಿಟಕಿಯ ಹೊರಗೆ ನೋಡಿದ. ಗಾಯಕ್ಕೆ ಉಪ್ಪು ಸವರುವುದಕ್ಕೂ ಒಂದು ಮಿತಿ ಬೇಡವೇ?

ಟ್ರ್ಯಾಕಿನ ಕಡೆ ತಿರುಗುವ ತಿರುವಿನಲ್ಲೇ ಅದು ಆಯಿತು. ಮೊದಲು ಬೆಲ್ಟು ಬಿಚ್ಚಿಕೊಂಡ ಸದ್ದು, ಹಿಂದೆಯೇ ದಡಾರೆಂದು ಕಬ್ಬಿಣ ಬಿದ್ದ ಸದ್ದು. ಕೆಂಪು ಗಾಡಿ ಟ್ರೇಲರಿನ ಅಂಚಿನಾಚೆಗೆ ಉರುಳಿ ರಸ್ತೆಗೆ ಬಿದ್ದಿತ್ತು. ಟ್ಯಾಂಕು ನೆಗ್ಗಿತ್ತು, ಬ್ರೇಕಿನ ಹಿಡಿ ಮುರಿದಿತ್ತು, ಇಂಜಿನ್ನಿನ ಮುಚ್ಚಳ ಬಿರಿದು ಎಣ್ಣೆ ಸುರಿಯುತ್ತಿತ್ತು.

ಅಪ್ಪ ಬೈಯಲಿಲ್ಲ. ತಮ್ಮ ಬೆರಳುಗಳನ್ನು ಒಮ್ಮೆ ಮಡಚಿ, ಬಿಡಿಸಿ ನೋಡಿಕೊಂಡರು. “ನಾನೇ ಸರಿಯಾಗಿ ಬಿಗಿದಿಲ್ಲ ಅನ್ಸುತ್ತೆ,” ಎಂದರು. ಗಿಡ್ಡನ ಎದೆ ಒಂದು ಗಳಿಗೆ ಚುರ್ ಎಂದಿತು. ಆದರೆ ಭಾವನ ಸಪ್ಪೆ ಮೋರೆ ಕಂಡು ಹಾಲು ಕುಡಿದಷ್ಟು ಸಂತೋಷವಾಯಿತು.

ಮೂವರೂ ಸೇರಿ ಅದನ್ನು ಎತ್ತಿ, ಇದ್ದ ಜಾಗದಲ್ಲೇ ಮತ್ತೆ ಕಟ್ಟಿದರು. ಟ್ರ್ಯಾಕಿನ ಗೇಟಿನವನು ಒಂದು ಸಲ ಬಗ್ಗಿ ನೋಡಿ, ಎಣ್ಣೆ ಸೋರುವ ಗಾಡಿಯನ್ನು ಒಳಗೆ ಇಳಿಸುವ ಹಾಗಿಲ್ಲ ಎಂದುಬಿಟ್ಟ. ಗಿಡ್ಡ ಲಗುಬಗೆಯಿಂದ ಹೆಲ್ಮೆಟ್ ಏರಿಸಿ, ಹಲಗೆ ಇಟ್ಟು, ಬೂದು ಗಾಡಿಯನ್ನು ಇಳಿಸಿದ. ಇವತ್ತು ಭಾವ ಬೇಲಿಯ ಪಕ್ಕ ನಿಂತು ನೋಡಲಿ. ಅವನು ಕಾಲೆತ್ತಿ ಹತ್ತುವಷ್ಟರಲ್ಲಿ ಅಪ್ಪ ಹ್ಯಾಂಡಲ್ ಹಿಡಿದರು.

“ಅದು ಭಾವಂಗೆ ಬಿಡು.”

“ಮತ್ತೆ ನಂಗೆ?”

ಅಪ್ಪ ಟ್ರೇಲರಿನ ಮುಂಭಾಗದಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದ ಕೆಂಪು ಗಾಡಿಯ ಕಡೆ ಕೈ ತೋರಿಸಿದರು. “ಬೆಳಗ್ಗೆನೇ ಹೇಳಿದ್ನಲ್ಲೋ, ಮುಂದಿನ ಗಾಡಿ ನಿಂದು ಅಂತ.”