ಜೋಳದ ಹಿಟ್ಟು ಹಚ್ಚಿದ ಕಾಲು

ಹುಳಗಳ ಶಾಸ್ತ್ರ ಬಲ್ಲವರು ಕ್ಷಮಿಸಬೇಕು. ಅರ್ಧಂಬರ್ಧ ತಿಳಿದುಕೊಂಡು ಹೇಳುತ್ತಿರುವ ಸಂಗತಿ ಇದು, ಕಥೆಯೆನ್ನಲು ಅಂಜಿಕೆಯೇ.

ಹುಕ್ಕೇರಿಯ ಗಂಡನ ಮನೆಯಲ್ಲಿ ಆಮ್ರಪಾಲಿ ಡಬ್ಬಿಯ ಮುಚ್ಚಳ ತೆರೆದವಳೇ ಬೆಚ್ಚಿದಳು. ಅಂಗಾತ ಬಿದ್ದರೆ ಟಕ್ಕೆಂದು ಸಿಡಿದು ನೆಟ್ಟಗಾಗುವ ಜಾತಿಯ ಹುಳಗಳು ಅದರೊಳಗಿದ್ದವು. ಕೌಜಲಗಿ, ಅಂಕಲಗಿಯ ಹೊಲಗಳಲ್ಲಿ ಹಿಡಿದು, ಸೂಜಿ ಚುಚ್ಚಿ, ಉಪಕುಟುಂಬಕ್ಕೊಂದು ಸಾಲಿನಂತೆ ಜೋಡಿಸಿಟ್ಟಿದ್ದಳು. ನಾಳೆ ಡಬ್ಬಿಯನ್ನು ಧಾರವಾಡಕ್ಕೆ ಒಯ್ದು ಪಿಎಚ್.ಡಿ. ಗೈಡ್ ಸರ್‌ಗೆ ತೋರಿಸಬೇಕು. ಯಾವ ಸಾಲಿಗೂ ಸೇರದೆ ಮೂಲೆಯಲ್ಲಿದ್ದ ಒಂದು ಹುಳ ಈಗ ಮೊದಲ ಸಾಲಿನ ನಡುವೆ ನಿಂತಿತ್ತು. ಅದರ ಒಂದು ಕಾಲು ಹಿಂದುಮುಂದಾಗಿತ್ತು.

"ಅತ್ತಿ, ಈ ಡಬ್ಬಿ ಯಾರ ಮುಟ್ಯಾರ್ರಿ?"

"ನಾನs." ಒಲೆಯ ಮುಂದಿದ್ದ ಕೆಂಚವ್ವ ತಿರುಗಲಿಲ್ಲ. "ಕಸಾ ಹೊಡಿವಾಗ ನೋಡಿದ್ನಿ. ಎಲ್ಲಾವೂ ಪಂಕ್ತಿಗೆ ಕುಂತಾಂಗ ಕುಂತಿದ್ವು, ಇದೊಂದ ಮೂಲ್ಯಾಗಿತ್ತು. ಎತ್ತಿ ಇಡೂವಾಗ ಕಾಲ ಮುರೀತು. ಜೋಳದ ಹಿಟ್ಟ ಹಚ್ಚಿ ಕೂಡಿಸೇನಿ. ಬೈಬ್ಯಾಡ."

ಆಮ್ರಪಾಲಿಗೆ ಸಿಟ್ಟೂ ಬಂತು, ನಗುವೂ ಬಂತು. "ಅದು ಯಾವ ಗುಂಪಿಂದು ಅಂತ ಗೊತ್ತಾಗಿಲ್ರಿ. ಮೈಮ್ಯಾಲಿನ ಪುಡಿ ನೋಡಿದ್ರ ಈ ಮೊದಲ್ನೇ ಸಾಲಿನಾಂವ ಅನಸ್ತೈತಿ. ಎದಿ ಕೆಳಗ ಮೀಸಿ ಮಡಚಿಡೂ ಗೀರಿಲ್ಲ, ಅದನ್ನ ನೋಡಿದ್ರ ಅಲ್ಲ."

"ಗೊತ್ತಾಗೂತನಾ ಹೊರಗ ಕುಂದ್ರಸೂದು?"

"ಸತ್ತ ಹುಳಕ್ಕ ಏನ್ ತಿಳಿತೈತ್ರಿ?"

"ನೋಡಾವರಿಗೆ ತಿಳಿತೈತಲ್ಲವಾ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಗ ಬಾಳೇಶ ಬೇರೆ ಜಾತಿಯ ಈ ಹುಡುಗಿಯನ್ನು ರಿಜಿಸ್ಟರ್ ಮದುವೆಯಾಗಿ ಕರೆತಂದಂದಿನಿಂದ ಅವಳ ಊಟದ ಗಂಗಾಳ ಹೊರಗಿನ ಕಟ್ಟೆಯ ಮೇಲೇ. ಕೆಂಚವ್ವ ಒಂದು ಬಿರುಸು ಮಾತು ಆಡಿದವಳಲ್ಲ; ಬಿಸಿ ರೊಟ್ಟಿ, ಮೇಲೊಂದಿಷ್ಟು ಬೆಣ್ಣೆ, ಎಲ್ಲವೂ ಕಟ್ಟೆಗೇ ಬರುತ್ತಿತ್ತು. ಗಂಡ ಮನೆಯಲ್ಲಿದ್ದರೆ ಅವನೂ ಬಂದು ಅಲ್ಲೇ ಕೂರುತ್ತಿದ್ದ. ಒಳಗೆ ಕರೆದಾರೇ ಎಂದು ಅವಳು ದಿನವೂ ಕಾದಿದ್ದಳು. ತಾನಾಗಿ ಕೇಳಿರಲಿಲ್ಲ.

ದೀಪ ಹಚ್ಚಿದ ಮೇಲೆ ಎಂದಿನಂತೆ ಕಟ್ಟೆಗೆ ಹೋದಳು. ಗಂಗಾಳ ಇರಲಿಲ್ಲ. ಬಗ್ಗಿ ಒಳಗೆ ನೋಡಿದರೆ ಅದು ಅಡುಗೆಮನೆಯಲ್ಲಿ, ಕೆಂಚವ್ವನ ಗಂಗಾಳದ ಬಾಜೂಕ್ಕೆ ಇತ್ತು. ರೊಟ್ಟಿ ಬಡಿಸಿಯಾಗಿತ್ತು.

"ಏನ್ ನಿಂತ ನೋಡಾಕತ್ತಿ? ಆರತಾವು, ಬಾ."

ಡಬ್ಬಿ ಮರುದಿನ ಧಾರವಾಡಕ್ಕೆ ಹೋಯಿತು. ಗೈಡ್ ಸರ್ ಮಸೂರ ಹಿಡಿದು, "ಈ ಕಾಲಿಗೇನಮ್ಮಾ ಮೆತ್ತಿದ್ದು?" ಎಂದರು. ಜೋಳದ ಹಿಟ್ಟು ಎಂದಳು ಆಮ್ರಪಾಲಿ. ಒರೆಸಲು ಮಾತ್ರ ಕೊಡಲಿಲ್ಲ. ಹುಳ ಯಾವ ಉಪಕುಟುಂಬದ್ದೆಂದು ಅವರಿಗೂ ಹೇಳಲಾಗಲಿಲ್ಲ, ಇನ್ನೂ ಗೊತ್ತಾಗಿಲ್ಲ. ಅಂದು ಆ ಸೂಜಿ ಎತ್ತುವಾಗ ಕೆಂಚವ್ವನ ಮನಸ್ಸಿನಲ್ಲಿ ಇದ್ದದ್ದು ಹುಳವೋ ಸೊಸೆಯೋ, ಅದೂ ಗೊತ್ತಿಲ್ಲ.